ಕಡಲಾಮೆಯ ದಡದಲ್ಲಿ ವಿಮಲಳ ಹರಕೆ

ಮಾರ್ಚ್ ತಿಂಗಳ ಒಂದು ಗುರುವಾರ ರಾತ್ರಿ, ಹುಬ್ಬಳ್ಳಿ ಕಡೆಯ ರೈಲು ಹೊರಡುವುದಕ್ಕೆ ಒಂದು ಗಂಟೆ ಮುಂಚೆಯೇ ನಾನು ಮತ್ತು ನನ್ನ ತಂಗಿ ವಿಮಲ ಪ್ಲಾಟ್‌ಫಾರಂ ಮೇಲೆ ಕುಳಿತಿದ್ದೆವು. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಜೀವನವಿಡೀ ವಾರ್ಡನ್ ಆಗಿದ್ದ ನನಗೆ ಬೇರೆ ರೀತಿಯಲ್ಲಿ ಪ್ರಯಾಣ ಮಾಡಲು ಬರುವುದಿಲ್ಲ. ನನ್ನದು ಒಂದೇ ಚೀಲ. ವಿಮಲಳದೂ ಒಂದೇ, ಆದರೆ ಅವಳ ತೊಡೆಯ ಮೇಲೆ ಬೇರೆಯಾಗಿ ಒಂದು ಸ್ಟೀಲ್ ಡಬ್ಬಿ ಇತ್ತು. ಅದರೊಳಗೆ ಮಣ್ಣಿನ ಹಣತೆ, ಹತ್ತಿಯ ಬತ್ತಿ, ಮನೆಯಲ್ಲೇ ಕಾಯಿಸಿದ ತುಪ್ಪ. ಎರಡು ರಾತ್ರಿ ಕಾಡು, ಎರಡು ರಾತ್ರಿ ಕಡಲು ಎಂಬ ಈ ಪ್ರವಾಸಕ್ಕೆ ನಾನು ಹೊರಟದ್ದು ಕಾಡು ನೋಡಲು. ಅವಳು ಹೊರಟದ್ದು ಆ ದೀಪ ಹಚ್ಚಲು.

ಹೋದ ವರ್ಷ ಅವಳ ಮಗಳು ಸಿಂಧುವಿಗೆ ಏಳು ತಿಂಗಳಿಗೇ ಹೆರಿಗೆಯಾಯಿತು. ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಆ ಕೋಣೆಯ ಹೊರಗೆ ಕುಳಿತ ವಿಮಲಳ ಕಣ್ಣೆದುರು ದೇವರ ಪಟ ಒಂದೂ ಇರಲಿಲ್ಲ. ಗೋಡೆಯ ಮೇಲೆ ಸಮುದ್ರದ ದೊಡ್ಡ ಚಿತ್ರವೊಂದಿತ್ತು. ಅವಳು ಅದಕ್ಕೇ ಕೈಮುಗಿದಳು. ಮಗು ಉಳಿದರೆ ಸಮುದ್ರದ ದಡಕ್ಕೆ ಬಂದು ಸಂಜೆ ಹೊತ್ತು ತುಪ್ಪದ ದೀಪ ಹಚ್ಚುತ್ತೇನೆ, ಅದು ತಾನಾಗಿ ಆರುವವರೆಗೆ ಎದುರಿಗೆ ಕೂತಿರುತ್ತೇನೆ ಎಂದು ಹರಕೆ ಹೊತ್ತಳು. ಅರವತ್ತು ದಾಟಿದ್ದರೂ ಅವಳು ಸಮುದ್ರವನ್ನು ಒಮ್ಮೆಯೂ ನೋಡಿರಲಿಲ್ಲ. ಮಗು ಉಳಿಯಿತು. ಈಗ ಗೋಡೆ ಹಿಡಿದು ನಿಲ್ಲುತ್ತಾನೆ. ಹರಕೆ ತೀರದೆ ಅವನ ತಲೆಗೂದಲು ತೆಗೆಸಕೂಡದು ಎಂದು ವಿಮಲ ಪಟ್ಟು ಹಿಡಿದಿದ್ದರಿಂದ ಜವಳದ ಶಾಸ್ತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ಕೂದಲು ಮಗುವಿನ ಕಣ್ಣಿಗೆ ಬೀಳುತ್ತಿತ್ತು.

ನಮ್ಮ ತಂಡದಲ್ಲಿ ಐದೇ ಜನ. ನಾನು ಚಾಮರಾಜಪೇಟೆಯವಳು, ವಿಮಲ ಬಸವನಗುಡಿಯವಳು. ಮಲ್ಲೇಶ್ವರದಿಂದ ಶ್ರೀನಿವಾಸ್ ಮತ್ತು ಪದ್ಮ ಎಂಬ ದಂಪತಿ ಬಂದಿದ್ದರು; ಇಬ್ಬರೂ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಐದನೆಯವರು ಬಳೇಪೇಟೆಯಲ್ಲಿ ಸಗಟು ಅಂಗಡಿ ಇಟ್ಟಿರುವ ಗಿರಿಯಪ್ಪನವರು. ಅಂಗಡಿಯನ್ನು ತಮ್ಮನಿಗೆ ಬಿಟ್ಟು ಹುಲಿ ನೋಡಲೆಂದೇ ಹೊರಟಿದ್ದರು. ನಮ್ಮನ್ನು ಕರೆದುಕೊಂಡು ಹೋಗುವವಳು ಚೈತ್ರ, ಮೂವತ್ತರ ಹುಡುಗಿ. ಮಾತು ಕಡಿಮೆ, ಹೇಳಿದ ಹೊತ್ತಿಗೆ ಹೇಳಿದಲ್ಲಿ ಇರುತ್ತಾಳೆ. ನನಗೆ ಮೊದಲ ದಿನವೇ ಹಿಡಿಸಿದಳು.

ಹುಬ್ಬಳ್ಳಿಯಲ್ಲಿ ಬೆಳಗಿನ ಜಾವ ಇಳಿದು, ವ್ಯಾನಿನಲ್ಲಿ ಎರಡು ಗಂಟೆ ಪ್ರಯಾಣ ಮಾಡಿ ದಾಂಡೇಲಿ ಸೇರಿದೆವು. ಧಾರವಾಡದ ಕಡೆಯ ಬಯಲು ಮುಗಿದು ತೇಗದ ಮರಗಳು ಶುರುವಾದ ಕಡೆ ಗಾಳಿಯೇ ಬೇರೆಯಾಯಿತು. ಕಾಳಿ ನದಿಯ ದಂಡೆಯ ಮೇಲೆ ನಮ್ಮ ಬಿಡಾರ. ಒಂದೊಂದು ಗುಡಾರದಲ್ಲಿ ಎರಡು ಮಂಚ, ಒಂದು ಬಕೆಟ್, ಶುದ್ಧವಾದ ಹಾಸಿಗೆ. ಹೊದಿಕೆಯ ಮಡಿಕೆ ನೋಡಿದರೆ ನಡೆಸುವವರ ಶಿಸ್ತು ತಿಳಿಯುತ್ತದೆ. ಇಲ್ಲಿ ಮಡಿಕೆ ಸರಿಯಾಗಿತ್ತು. ಮಧ್ಯಾಹ್ನ ಜೋಳದ ರೊಟ್ಟಿ, ಎಣ್ಣೆಗಾಯಿ, ಮೊಸರು. ಸಂಜೆ ನದಿಯ ನಡುವಿನ ಬಂಡೆಯ ಮೇಲೆ ಬಾಯಿ ತೆರೆದುಕೊಂಡು ಮಲಗಿದ್ದ ಮೊಸಳೆಯನ್ನು ಚೈತ್ರ ತೋರಿಸಿದಳು.

“ಹುಲಿ ನೋಡಕ್ಕೆ ಬಂದು, ನಿದ್ದೆ ಹೊಡೆಯೋ ಮೊಸಳೆ ನೋಡ್ದೆ ಅಂತ ಮನೇಲಿ ಹೇಳ್ಲಾ?” ಎಂದರು ಗಿರಿಯಪ್ಪ.

“ಹೇಳ್ಬೇಡಿ ಸಾರ್. ನಿಮ್ಮನ್ನ ಅದೂ ಅಷ್ಟೇ ಹೊತ್ತಿಂದ ನೋಡ್ತಿದೆ,” ಎಂದಳು ಚೈತ್ರ.

ಮರುದಿನ ಬೆಳಗ್ಗೆ ಆರಕ್ಕೆ ತೆರೆದ ಜೀಪಿನಲ್ಲಿ ಕಾಡಿನ ಒಳಕ್ಕೆ ಹೋದೆವು. ಚಳಿ ಇತ್ತು, ಮಫ್ಲರ್ ಬೇಕಾಯಿತು. ಹುಲಿ ಕಾಣಲಿಲ್ಲ. ಕಾಣದಿದ್ದರೂ ಯಾವ ಕೊರತೆಯೂ ಅನ್ನಿಸಲಿಲ್ಲ. ಎಲೆ ಉದುರಿದ ಕಾಡಿನಲ್ಲಿ ಬೂರುಗದ ಮರ ಒಂದೇ ಕೆಂಪಗೆ ಹೂ ಬಿಟ್ಟು ನಿಂತಿತ್ತು, ಅದರ ತುಂಬ ಹಕ್ಕಿಗಳ ಗಲಾಟೆ. ಬಿದಿರಿನ ಮೆಳೆಯ ಹಿಂದಿನಿಂದ ಕಾಡುಕೋಣವೊಂದು ಹೊರಗೆ ಬಂದು, ಮಂಡಿಯವರೆಗೆ ಬಿಳಿ ಕಾಲುಚೀಲ ಹಾಕಿದಂಥ ಕಾಲುಗಳನ್ನು ಒಂದೊಂದಾಗಿ ಎತ್ತಿಡುತ್ತ ದಾರಿ ದಾಟಿತು. ಅಷ್ಟು ದೊಡ್ಡ ಪ್ರಾಣಿ ಒಣ ಎಲೆಯ ಮೇಲೆ ಅಷ್ಟು ಕಡಿಮೆ ಸದ್ದು ಮಾಡುವುದನ್ನು ನಾನು ಊಹಿಸಿಯೇ ಇರಲಿಲ್ಲ.

ಆ ದಿನದ ಅತ್ಯುತ್ತಮ ನೋಟ ಮಾತ್ರ ಮಂಗಟ್ಟೆ ಹಕ್ಕಿಯದು. ಎತ್ತರದ ಮರವೊಂದರ ಪೊಟರೆಯೊಳಗೆ ಹೆಣ್ಣು ಕುಳಿತು, ಬಾಗಿಲನ್ನು ತಾನೇ ಮೆತ್ತಿಕೊಂಡು, ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟುಕೊಂಡಿತ್ತು. ಮೊಟ್ಟೆಯೊಡೆದು ಮರಿ ಒಂದಿಷ್ಟು ಬಲಿಯುವವರೆಗೆ ಅದು ಹೊರಗೆ ಬರುವುದಿಲ್ಲವಂತೆ. ಬುಸ್ಸೆಂದು ರೆಕ್ಕೆ ಬಡಿಯುತ್ತ ಗಂಡು ಬಂತು. ಗಂಟಲಿನಿಂದ ಹಣ್ಣುಗಳನ್ನು ಒಂದೊಂದೇ ತೆಗೆದು ಆ ಸೀಳಿಗೆ ಕೊಟ್ಟಿತು.

“ಪಾಪ, ಬಾಣಂತಿ,” ಎಂದಳು ವಿಮಲ ಪಿಸುಮಾತಿನಲ್ಲಿ.

“ರೀ, ನೋಡಿ ಕಲ್ತ್ಕೊಳಿ,” ಎಂದು ಪದ್ಮ ಗಂಡನಿಗೆ ತಿವಿದರು.

“ನಾನು ತರಕಾರಿ ತರಲ್ವೇನೇ? ಹಂಗಾದ್ರೆ ನೀನೂ ಬಾಗ್ಲು ಮೆತ್ಕೊಂಡ್ ಕೂತ್ಕೊ,” ಎಂದರು ಶ್ರೀನಿವಾಸ್. ಜೀಪಿನಲ್ಲಿ ಮಾತಾಡಬಾರದೆಂಬ ನಿಯಮ ಅಲ್ಲಿಗೆ ಮುರಿಯಿತು. ನಾನು ತುಟಿಯ ಮೇಲೆ ಬೆರಳಿಟ್ಟೆ. ಎಲ್ಲರೂ ಸುಮ್ಮನಾದರು.

ಭಾನುವಾರ ಬೆಳಗ್ಗೆ ಬಿಡಾರ ಬಿಟ್ಟು ಜೊಯಿಡಾ ಮೇಲೆ ಅಣಶಿ ಘಾಟಿ ಇಳಿದೆವು. ನೂರು ಕಿಲೋಮೀಟರಿಗೆ ತುಸು ಹೆಚ್ಚು, ತಿರುವುಗಳಿಂದಾಗಿ ನಾಲ್ಕು ಗಂಟೆ ಹಿಡಿಯಿತು. ಇಳಿಯುತ್ತಿದ್ದಂತೆ ಕಾಡು ದಟ್ಟವಾಯಿತು, ಹಸಿರಾಯಿತು; ಸೆಕೆಗೆ ಸ್ವೆಟರ್ ಬೆವರಲ್ಲಿ ನೆನೆಯಿತು. ವಿಮಲ ಅಂದು ಉಪವಾಸ. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಳಿತಿದ್ದಳು. ಕಾರವಾರದ ಹತ್ತಿರ ನಮ್ಮ ಕಾಳಿ ನದಿಯೇ ಅಗಲವಾಗಿ ಹರಡಿ ಸಮುದ್ರ ಸೇರುವುದನ್ನು ಸೇತುವೆಯಿಂದ ನೋಡಿದೆವು. ಅಲ್ಲಿಂದ ದಕ್ಷಿಣಕ್ಕೆ ಹೋಗಿ, ಒಂದು ಪುಟ್ಟ ಮೀನುಗಾರರ ಹಳ್ಳಿಯಲ್ಲಿ ಗಾಳಿಮರದ ತೋಪಿನ ಹಿಂದೆ ವ್ಯಾನು ನಿಂತಿತು. ತೋಪು ದಾಟಿದರೆ ಎರಡು ಕಪ್ಪು ಬಂಡೆಗುಡ್ಡಗಳ ನಡುವೆ ಮನುಷ್ಯರೇ ಇಲ್ಲದ ಉದ್ದನೆಯ ದಡ. ಒಂದು ಅಂಗಡಿಯಿಲ್ಲ, ಒಂದು ಕುರ್ಚಿಯಿಲ್ಲ. ಅಲೆಗಳು ಬಂಡೆಗೆ ಬಡಿದು ಆಳೆತ್ತರಕ್ಕೆ ಚಿಮ್ಮುತ್ತಿದ್ದವು. ಅಂಥ ಸ್ವಚ್ಛವಾದ ಒರಟುತನವನ್ನು ನಾನು ಎಲ್ಲಿಯೂ ಕಂಡಿಲ್ಲ.

ವಿಮಲ ಚಪ್ಪಲಿ ಬಿಟ್ಟು ನಿಂತಳು. “ಇಷ್ಟೊಂದು ಸದ್ದು ಮಾಡತ್ತೆ ಅಂತ ಗೊತ್ತಿರ್ಲಿಲ್ಲ ಕಣಕ್ಕ. ಆಸ್ಪತ್ರೆ ಗೋಡೆ ಮೇಲೆ ಸುಮ್ನಿತ್ತು,” ಎಂದಳು.

ಈ ದಡಕ್ಕೆ ಕಡಲಾಮೆಗಳು ಬಂದು ಮರಳಿನಲ್ಲಿ ಮೊಟ್ಟೆಯಿಟ್ಟು ಹೋಗುತ್ತವೆ. ನಾಯಿ ನರಿಗಳ ಬಾಯಿಗೆ ಬೀಳದಂತೆ ಆ ಮೊಟ್ಟೆಗಳನ್ನು ತೆಗೆದು, ಬಲೆ ಕಟ್ಟಿದ ಒಂದು ಆವರಣದೊಳಗೆ ಮತ್ತೆ ಹೂತು, ಮರಿಗಳು ಹೊರಬಂದಾಗ ಸಮುದ್ರಕ್ಕೆ ಬಿಡುತ್ತಾರೆ. ಅದನ್ನು ಕಾಯುವವನು ಊರಿನವನೇ ಆದ ನಾಗೇಶ. ಮೊಟ್ಟೆ ಹೂತ ಕಡೆ ಮಧ್ಯಾಹ್ನವೇ ಮರಳು ಕುಸಿದಿದೆ, ಸಂಜೆಗೆ ಮರಿಗಳು ಬರುತ್ತವೆ ಎಂದು ಅವನು ಹೇಳಿಕಳಿಸಿದ. ಚೈತ್ರ ನಮ್ಮನ್ನು ಕೂರಿಸಿ ನಿಯಮ ಓದಿದಳು. ಮರಿಗಳು ಬೆಳಕು ಕಂಡ ಕಡೆಗೆ ಹೋಗುತ್ತವೆ. ಕತ್ತಲಲ್ಲಿ ಕಡಲಿನ ಮಿನುಗೇ ಅವಕ್ಕೆ ದಾರಿ. ಆದ್ದರಿಂದ ಟಾರ್ಚ್ ಬೇಡ, ಮೊಬೈಲ್ ಬೇಡ, ಕ್ಯಾಮೆರಾದ ಫ್ಲ್ಯಾಶ್ ಬೇಡ. ನಾನೇ ಎದ್ದು ಎಲ್ಲರ ಟಾರ್ಚು, ಮೊಬೈಲು ವಸೂಲು ಮಾಡಿ ನನ್ನ ಚೀಲಕ್ಕೆ ಹಾಕಿ ಜಿಪ್ ಎಳೆದೆ. ಗಿರಿಯಪ್ಪನವರ ಹತ್ತಿರ ಎರಡನೆಯ ಮೊಬೈಲ್ ಇತ್ತು. ಅದನ್ನೂ ಬಿಡಲಿಲ್ಲ.

“ಅಮ್ಮಾ, ಇನ್ಕಂ ಟ್ಯಾಕ್ಸ್‌ನೋರೂ ಇಷ್ಟು ಹುಡುಕಲ್ಲ,” ಎಂದರು ಅವರು.

ಹಣತೆಯೂ ಒಂದು ಬೆಳಕು ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನಾವೆಲ್ಲ ಹುಟ್ಟಿದಾಗಿನಿಂದ ಸಂಜೆ ದೀಪ ಹಚ್ಚುವ ಮನೆಗಳವರು. ದೀಪ ನಮಗೆ ಪೂಜೆ. ಟಾರ್ಚಿನ ಸಾಲಿನಲ್ಲಿ ಅದನ್ನು ಯಾರಿಟ್ಟಾರು?

ಸೂರ್ಯ ಮೋಡದೊಳಗೇ ಮುಳುಗಿದ. ಸಮುದ್ರ ಬೂದಿಯ ಬಣ್ಣಕ್ಕೆ ತಿರುಗಿತು. ಮಿಕ್ಕವರು ಚೈತ್ರಳ ಜೊತೆ ಬಲೆಯ ಆವರಣದ ಹತ್ತಿರ ಹೋದರು. ನಾನು, ವಿಮಲ ನೀರಿನಂಚಿಗೆ ಹೋದೆವು. ಅವಳು ಕಾಯಿ ಒಡೆದು, ಅರಿಶಿನ ಕುಂಕುಮ ಏರಿಸಿ, ಹಣತೆ ಇಟ್ಟು ಬತ್ತಿ ಹೊತ್ತಿಸಿದಳು. ಗಾಳಿಗೆ ಆರಿತು. ಮತ್ತೆ ಹೊತ್ತಿಸಿದಳು, ಮತ್ತೆ ಆರಿತು. ಇದನ್ನು ದೂರದಿಂದ ನೋಡಿದ ಗಿರಿಯಪ್ಪ ಬಂದು, “ಅಮ್ಮಾ, ಇಲ್ಲಿ ಹತ್ತಲ್ಲ. ಮೇಲೆ ಆ ದೋಣಿ ಮಗ್ಗುಲಲ್ಲಿ ಗಾಳಿ ಇಲ್ಲ, ಬನ್ನಿ. ಸಮುದ್ರ ಅಲ್ಲಿಂದ್ಲೂ ಕಾಣತ್ತೆ,” ಎಂದರು. ದಡದ ಮೇಲ್ಭಾಗದಲ್ಲಿ ಎಳೆದಿಟ್ಟಿದ್ದ ದೋಣಿಯ ಮರೆಯಲ್ಲಿ ದೀಪ ಸ್ಥಿರವಾಗಿ ನಿಂತಿತು. ನಾನೇ ಸೆರಗು ಅಡ್ಡ ಹಿಡಿದಿದ್ದೆ. ತುಪ್ಪದ ವಾಸನೆ ಬಂತು. ವಿಮಲ ಕಣ್ಣು ಮುಚ್ಚಿ ಕೈಮುಗಿದು ಕುಳಿತಳು. ಅವಳ ಮುಖದಲ್ಲಿ ಒಂದು ವರ್ಷದಿಂದ ಕಾಣದಿದ್ದ ನಿರಾಳ ಇತ್ತು.

ಅಷ್ಟರಲ್ಲಿ ನಾಗೇಶ ಮರಿಗಳನ್ನು ಮರಳಿನ ಮೇಲೆ ಬಿಟ್ಟಿದ್ದ. ಅಂಗೈಯಲ್ಲಿ ಅಡಗುವಷ್ಟು ಗಾತ್ರದ ಕಪ್ಪು ಮರಿಗಳು, ಒದ್ದೆ ಮರಳಿನ ಮೇಲೆ ಕೈಕಾಲು ಬಡಿಯುತ್ತ ನೀರಿನ ಕಡೆ ಹೊರಟವು. ಸ್ವಲ್ಪ ದೂರ ಹೋದವು. ಆಮೇಲೆ ಒಂದು ತಿರುಗಿತು. ಅದರ ಹಿಂದೆ ಇನ್ನೊಂದು. ನೋಡನೋಡುತ್ತ ಹಿಂಡಿನ ಅರ್ಧಕ್ಕರ್ಧ ಸಮುದ್ರಕ್ಕೆ ಬೆನ್ನು ಹಾಕಿ ನಮ್ಮ ದೋಣಿಯ ಕಡೆ ತೆವಳತೊಡಗಿತು.

“ಬೆಳಕು! ಬೆಳಕು ಯಾರದು? ಮರಿ ಎಲ್ಲ ಹಿಂದೆ ಬರ್ತಾ ಇದೆ!” ನಾಗೇಶ ಕೂಗಿಕೊಂಡು ಓಡಿಬಂದ. ದೀಪ ನೋಡಿ, ಎದುರಿಗೆ ಕುಳಿತ ಹೆಂಗಸನ್ನು ನೋಡಿ, ಆರಿಸಲು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ.

ಚೈತ್ರ ಮಂಡಿಯೂರಿದಳು. “ಆಂಟಿ, ದೀಪ... ಆಂಟಿ, ಸಾರಿ. ಮರಿಗಳು ಒಣ ಮರಳಿಗೆ ಹತ್ತಿಬಿಟ್ರೆ ಸುಸ್ತಾಗಿ ಉಳಿಯಲ್ಲ.”

“ಆರಿಸ್ಬೇಡ್ರೀ, ಮಗೂ ಹೆಸರಲ್ಲಿ ಹಚ್ಚಿದ ದೀಪ!” ಎಂದರು ಗಿರಿಯಪ್ಪ. ತಮ್ಮ ಶರ್ಟು ಬಿಚ್ಚಿ ದೀಪದ ಸುತ್ತ ಮರೆ ಹಿಡಿದರು. ನಾನು ಸೆರಗು ಹಿಡಿದೆ. ಎರಡರ ನಡುವಿನಿಂದಲೂ ಬೆಳಕು ಸೋರುತ್ತಿತ್ತು. ಮೊದಲನೆಯ ಮರಿ ದೋಣಿಯ ಅಡಿಗೇ ಬಂದು, ವಿಮಲಳ ಸೀರೆಯ ಅಂಚಿಗೆ ತಲೆ ತಾಗಿಸಿ, ರೆಕ್ಕೆಯಂಥ ಕೈ ಬಡಿಯುತ್ತಲೇ ಇತ್ತು.

ವಿಮಲ ಅದನ್ನು ನೋಡಿದಳು. ಹಣತೆಯನ್ನು ನೋಡಿದಳು. ತುಪ್ಪ ಇನ್ನೂ ಮುಕ್ಕಾಲು ಭಾಗವಿತ್ತು. ಬಾಯಿಂದ ಊದಲಿಲ್ಲ. ಬೆರಳಿಂದಲೇ ಬತ್ತಿಯನ್ನು ತುಪ್ಪದೊಳಕ್ಕೆ ಒತ್ತಿದಳು.

ಕತ್ತಲಾಯಿತು. ಹೊಗೆಯ ವಾಸನೆ ಮಾತ್ರ ಉಳಿಯಿತು. ಕಣ್ಣು ಹೊಂದಿಕೊಂಡಂತೆ ಅಲೆಗಳ ಬಿಳಿ ಅಂಚು ಕಾಣತೊಡಗಿತು. ಮರಿಗಳಿಗೂ ಅದೇ ಕಂಡಿರಬೇಕು. ಗೊಂದಲವಾದಂತೆ ಸ್ವಲ್ಪ ಹೊತ್ತು ಸುತ್ತಾಡಿ, ಒಂದೊಂದಾಗಿ ತಿರುಗಿ, ಇಳಿಜಾರಿನಲ್ಲಿ ಹೋದವು. ಮೇಲೆ ಹತ್ತಿಬಂದಿದ್ದವನ್ನು ನಾಗೇಶ ಬುಟ್ಟಿಯಲ್ಲಿ ಕೆಳಗೆ ತಂದುಬಿಟ್ಟ. ವಿಮಲಳ ಸೀರೆಗೆ ತಾಗಿದ್ದ ಮರಿಯನ್ನು ಅವನು ಹೇಳಿಕೊಟ್ಟಂತೆ ಅವಳೇ ಎತ್ತಿಕೊಂಡು ಹೋಗಿ ಒದ್ದೆ ಮರಳಿನ ಮೇಲಿಟ್ಟಳು. ಅಲೆ ಬಂದು ಅದನ್ನು ಒಯ್ದಿತು.

“ಎಲ್ಲಾ ಹೋದ್ವಾ?” ಎಂದು ಕೇಳಿದಳು.

“ಎಲ್ಲ ಹೋಯ್ತು ಅಮ್ಮ,” ಎಂದ ನಾಗೇಶ.

ಊಟಕ್ಕೆ ಕುಚಲಕ್ಕಿ ಅನ್ನ, ತಂಬುಳಿ, ಬಾಳೆದಿಂಡಿನ ಪಲ್ಯ ಇತ್ತು. ವಿಮಲ ಎರಡು ತುತ್ತು ಉಂಡು ಎದ್ದಳು. “ತುಪ್ಪ ಇದೆಯಲ್ಲೇ, ನಾಳೆ ಬೆಳಗ್ಗೆ ಇನ್ನೊಂದು ಹಚ್ಚಿದ್ರಾಯ್ತು,” ಎಂದೆ.

“ಒಂದು ಹರಕೆಗೆ ಎರಡು ದೀಪ ಇಲ್ಲಕ್ಕ. ಮಗೂ ಹೆಸರಲ್ಲಿ ಹಚ್ಚಿದ್ದನ್ನ ನನ್ನ ಕೈಯಾರೆ ಆರಿಸಿದೀನಿ. ಸಿಂಧುಗೆ ಏನಂತ ಹೇಳ್ಲಿ?”

ಮರುದಿನವಿಡೀ ನಾವು ಬಂಡೆಗುಡ್ಡದ ಮೇಲೆ ನಡೆದೆವು. ಕೆಳಗೆ ಹಸಿರು ನೀರು, ದೂರದಲ್ಲಿ ಡಾಲ್ಫಿನ್‌ಗಳ ಬೆನ್ನು, ತಲೆಯ ಮೇಲೆ ಬಿಳಿ ಎದೆಯ ಕಡಲ ಹದ್ದು. ಗಿರಿಯಪ್ಪ ಹುಲಿಯನ್ನು ಮರೆತು ಹದ್ದನ್ನೇ ನೋಡುತ್ತ ಎರಡು ಸಲ ಎಡವಿದರು. ಚೈತ್ರ ತನ್ನ ನಿಯಮದ ಹಾಳೆಗೆ ‘ದೀಪ, ಕರ್ಪೂರ, ಊದುಬತ್ತಿ’ ಎಂದು ಸೇರಿಸಿ ನನಗೆ ತೋರಿಸಿದಳು. ಅಕ್ಷರ ಇನ್ನಷ್ಟು ದೊಡ್ಡದಿರಲಿ ಎಂದೆ. ಇಷ್ಟು ಕಡಿಮೆ ಜನ, ಇಷ್ಟು ಅಚ್ಚುಕಟ್ಟು, ಇಷ್ಟು ದೊಡ್ಡ ಮೌನ. ಇಂಥ ಪ್ರವಾಸಕ್ಕೆ ಹೋಗಿಬನ್ನಿ ಎಂದು ಯಾರಿಗಾದರೂ ಧೈರ್ಯವಾಗಿ ಹೇಳಬಲ್ಲೆ. ಆದರೆ ನನ್ನ ಪಕ್ಕದಲ್ಲಿ ನಡೆಯುತ್ತಿದ್ದವಳು ಏನನ್ನೂ ನೋಡುತ್ತಿರಲಿಲ್ಲ.

ಮಂಗಳವಾರ ಕಾರವಾರದಲ್ಲಿ ಸಂಜೆಯ ರೈಲು ಹತ್ತಿದೆವು. ಹಚ್ಚಿದೆ ಎಂದಷ್ಟೇ ಹೇಳು, ಸುಳ್ಳೇನಲ್ಲವಲ್ಲ ಎಂದು ನಾನು ವಿಮಲಳಿಗೆ ಬುದ್ಧಿ ಹೇಳಿದ್ದೆ. ಅವಳು ಆಗಲಿ ಎಂಬಂತೆ ತಲೆಯಾಡಿಸಿದ್ದಳು.

ಬೆಳಗ್ಗೆ ಬೆಂಗಳೂರಿನಲ್ಲಿ ಇಳಿದಾಗ ಸಿಂಧು ಮಗುವನ್ನು ಎತ್ತಿಕೊಂಡು ನಿಲ್ದಾಣದ ಬಾಗಿಲಲ್ಲೇ ನಿಂತಿದ್ದಳು. “ಹಚ್ಚಿದ್ಯಾಮ್ಮ?” ಎಂದಳು.

“ಹಚ್ಚಿದೆ,” ಎಂದಳು ವಿಮಲ. ನಾನು ಚೀಲ ಎತ್ತಿಕೊಂಡೆ. “ಆಮೇಲೆ ನಾನೇ ಆರಿಸ್ದೆ.”

ಆಟೋಗಳ ಗದ್ದಲದ ನಡುವೆ ನಿಂತು ಎಲ್ಲವನ್ನೂ ಹೇಳಿದಳು. ಮರಿಗಳು ತಿರುಗಿದ್ದು, ಒಂದು ಸೀರೆಗೆ ತಾಗಿದ್ದು, ಬತ್ತಿ ಒತ್ತಿದ್ದು. ಸಿಂಧು ಮಗುವಿನ ಕಣ್ಣಿನ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸುತ್ತ ಕೇಳಿದಳು. ಮಗು ಅಜ್ಜಿಯ ಕಡೆ ಎರಡೂ ಕೈ ಚಾಚಿತು.

“ಅಮ್ಮ, ಆಸ್ಪತ್ರೇಲಿ ಇವನ ಗಾಜಿನ ಪೆಟ್ಟಿಗೆ ಮೇಲೂ ಬಟ್ಟೆ ಮುಚ್ಚೇ ಇಡ್ತಿದ್ರಲ್ಲ,” ಎಂದಳು ಸಿಂಧು. “ದಿನ ತುಂಬದ ಕೂಸು, ಬೆಳಕು ಬೀಳಬಾರದು ಅಂತ. ಆ ಬಟ್ಟೆ ಹೊಲಿದುಕೊಟ್ಟಿದ್ದು ನೀನೇ ಅಲ್ವಾ?”

ವಿಮಲ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಮಗುವನ್ನು ಎತ್ತಿಕೊಂಡಳು. ಆಟೋ ಹತ್ತಿದ ಮೇಲೆ, ಬೆಳಗಿನ ಬಿಸಿಲು ಅವನ ಮುಖಕ್ಕೆ ಬೀಳದಂತೆ ಸೆರಗು ಮರೆ ಮಾಡಿ, “ಸಿಂಧು, ಜವಳಕ್ಕೆ ಯಾವತ್ತು ದಿನ ಚೆನ್ನಾಗಿದೆ ಅಂತ ಇವತ್ತೇ ಕೇಳ್ಬಿಡು,” ಎಂದಳು.