ಗುಡಿಸಬಾರದ ಒಂದು ಚದರ ಮೀಟರ್

ನನ್ನ ದೊಡ್ಡಮ್ಮ ಪೊರಕೆ ಹಿಡಿದಳೆಂದರೆ ಮನೆಯಲ್ಲಿ ಯಾರ ಕಾಲೂ ನೆಲದ ಮೇಲಿರುವ ಹಾಗಿಲ್ಲ. 'ಕಾಲೆತ್ತು' ಅನ್ನುತ್ತಾಳೆ, ಎತ್ತಬೇಕು. ಊಟಕ್ಕೆ ಕೂತಿದ್ದರೂ ಎತ್ತಬೇಕು, ಜ್ವರ ಬಂದು ಮಲಗಿದ್ದರೆ ಎದ್ದು ಮಂಚ ಸರಿಸಬೇಕು. ಒಮ್ಮೆ ಕರೆಂಟಿನ ಮೀಟರು ನೋಡಲು ಬಂದವನಿಗೂ ಕಾಲೆತ್ತು ಅಂದಳು. ಪಾಪ, ಅವನು ಒಂಟಿ ಕಾಲಲ್ಲಿ ನಿಂತೇ ರೀಡಿಂಗ್ ಬರೆದುಕೊಂಡು ಹೋದ. ಮುಂದಿನ ತಿಂಗಳು ಬೇರೆಯವನು ಬಂದ.

ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಇವಳೇ. ಹತ್ತೊಂಬತ್ತು ವರ್ಷ ನಮ್ಮ ಬೀದಿಯ ಸರ್ಕಾರಿ ಶಾಲೆಯ ಆಯಾ ಆಗಿದ್ದಳು. ಹತ್ತೊಂಬತ್ತು ವರ್ಷವೂ 'ತಾತ್ಕಾಲಿಕ'. ಪ್ರತಿ ವರ್ಷ ಶಾಲೆ ಶುರುವಾಗುವಾಗ ಒಂದು ಚೀಟಿ ಬರುತ್ತಿತ್ತು: ಸದರಿಯವರನ್ನು ಇನ್ನೊಂದು ವರ್ಷ ಮುಂದುವರಿಸಲಾಗಿದೆ. ಶಾಲೆಯ ಎದುರಿಗೇ ನನ್ನ ಜೆರಾಕ್ಸ್ ಅಂಗಡಿ. ಆ ಚೀಟಿಯ ನಕಲು ತೆಗೆದೂ ತೆಗೆದೂ ನನಗೆ ಅದು ಬಾಯಿಪಾಠ. ಚೀಟಿ ಬರುವ ತನಕ ದೊಡ್ಡಮ್ಮನಿಗೆ ಊಟ ಸೇರುತ್ತಿರಲಿಲ್ಲ. ಬಂದ ದಿನ ಒಂದು ತುತ್ತು ಹೆಚ್ಚು ಉಂಡು, ಮಾರನೆಯ ದಿನದಿಂದ ಮುಂದಿನ ಚೀಟಿಯ ಚಿಂತೆ ಶುರು. ಕಾಯಂ ಆಗದೆ ನಿವೃತ್ತಿಯಾದರೆ ಪಿಂಚಣಿ ಇಲ್ಲ, ಏನಿಲ್ಲ, ಬರಿಗೈ. ಅವಳಿಗೆ ಉಳಿದದ್ದು ನಾಲ್ಕೇ ವರ್ಷ.

ಹೋದ ವರ್ಷ ಇಲಾಖೆಯಿಂದ ಹದಿನೇಳು ಪುಟದ ಸುತ್ತೋಲೆ ಬಂತು. ನಕಲು ತೆಗೆದವಳು ನಾನಾದ್ದರಿಂದ ಹೆಡ್ ಮಾಸ್ತರರಿಗಿಂತ ಮೊದಲು ಓದಿದವಳೂ ನಾನೇ. ಇಡೀ ರಾಜ್ಯದ ಶಾಲೆಗಳಲ್ಲಿ ಪರಿಸರ ಶಿಕ್ಷಣ, ಸರ್ಕಾರ ಮತ್ತು ಖಾಸಗಿಯವರು ಕೈಜೋಡಿಸಿ ನಡೆಸುವ ಯೋಜನೆ. ಸರ್ಕಾರದ್ದು ಆದೇಶ. ಒಂದು ಸಂಸ್ಥೆಯದ್ದು ಮೇಷ್ಟ್ರುಗಳಿಗೆ ತರಬೇತಿ. ಹಗ್ಗ, ಗೂಟ, ಭೂತಗನ್ನಡಿ, ಬೋರ್ಡು ಇವೆಲ್ಲ ಒಂದು ಕಂಪನಿಯದ್ದು. ಯಾವ ಕಂಪನಿ ಅಂದುಕೊಂಡಿರಿ? ನೆಲ ಒರೆಸುವ ದ್ರಾವಣ ಮಾಡುವ ಕಂಪನಿ. ಆ ಪುಟ ಬಂದಾಗ ನನ್ನ ಮೆಷಿನ್ನು ಕೂಡ ಕಾಗದ ಕಚ್ಚಿಕೊಂಡು ನಿಂತಿತು.

ಯೋಜನೆಯ ಸಾರ ಇಷ್ಟೇ. ಪ್ರತಿ ಶಾಲೆಯಲ್ಲೂ ಮರದ ಕೆಳಗೆ ಒಂದು ಚದರ ಮೀಟರ್ ಜಾಗಕ್ಕೆ ಹಗ್ಗ ಕಟ್ಟಬೇಕು. ಅದನ್ನು ಒಂದು ವರ್ಷ ಗುಡಿಸತಕ್ಕದ್ದಲ್ಲ. ಬಿದ್ದ ಎಲೆ ಬಿದ್ದಲ್ಲೇ ಕೊಳೆಯಬೇಕು, ಅಲ್ಲಿ ಏನೇನು ಹುಳಹುಪ್ಪಟೆ ಬರುತ್ತವೆಂದು ಮಕ್ಕಳು ವಾರಕ್ಕೊಮ್ಮೆ ಎಣಿಸಿ ಬರೆಯಬೇಕು. ವರ್ಷದ ಕೊನೆಗೆ ಮೂರೂ ಕಡೆಯವರ ತಂಡ ಬಂದು ನೋಡುತ್ತದೆ. ಚೌಕ ಸರಿಯಾಗಿದ್ದರೆ ಆ ಶಾಲೆಯ ತಾತ್ಕಾಲಿಕ ಸಿಬ್ಬಂದಿಯೊಬ್ಬರಿಗೆ 'ಪರಿಸರ ಸಹಾಯಕಿ' ಎಂಬ ಕಾಯಂ ಹುದ್ದೆ. ಗುಡಿಸಿದ್ದು ಕಂಡುಬಂದರೆ ಹುದ್ದೆಯೂ ಇಲ್ಲ, ಯೋಜನೆಯೂ ಇಲ್ಲ.

ಅಂದರೆ ಇಷ್ಟು ವರ್ಷ ಗುಡಿಸಿದ್ದಕ್ಕೆ ಸಿಗದ ಕೆಲಸ, ಒಂದು ವರ್ಷ ಗುಡಿಸದೆ ಇದ್ದರೆ ಸಿಗುತ್ತದೆ.

ಹೆಡ್ ಮಾಸ್ತರರು ದೊಡ್ಡಮ್ಮನನ್ನು ಕರೆದು ಕಾಡುಬಾದಾಮಿ ಮರದ ಕೆಳಗಿನ ಹಗ್ಗ ತೋರಿಸಿದರು.

"ನೋಡಿ ಆಯಾ, ಇದರೊಳಗೆ ಪೊರಕೆ ಇಳೀಬಾರದು."

"ಅಕ್ಕಪಕ್ಕ, ಸಾರ್?"

"ಅಕ್ಕಪಕ್ಕ ಎಷ್ಟು ಬೇಕಾದ್ರೂ ಗುಡಿಸಿ. ಇದು ಮಾತ್ರ ಬೇಡ. ನಿಮ್ಮ ಕೈ ನನಗೆ ಗೊತ್ತು, ಅದಕ್ಕೇ ಹೇಳ್ತಿದೀನಿ."

ಗೊತ್ತಿರಲೇಬೇಕು. ಆ ಶಾಲೆಯ ಅಂಗಳದಲ್ಲಿ ಎಲೆ ಬೀಳುವುದಕ್ಕೂ ಹೆದರುತ್ತಿತ್ತು. ಮಕ್ಕಳು ಅವಳಿಗೆ ಇಟ್ಟ ಹೆಸರೇ ಪೊರಕೆ ಮೇಡಂ.

ಮೊದಲ ತಿಂಗಳು ದೊಡ್ಡಮ್ಮನ ಗೋಳು ನೋಡಲಾಗುತ್ತಿರಲಿಲ್ಲ. ಚೌಕದ ಸುತ್ತ ಅಂಗೈ ಅಗಲದ ಜಾಗವನ್ನು ದಿನಕ್ಕೆ ಐದು ಸಲ ಗುಡಿಸುವಳು. ಒಂದು ಚಾಕೊಲೇಟ್ ಕಾಗದ ಗಾಳಿಗೆ ಹಾರಿ ಒಳಗೆ ಬಿತ್ತು. ಅದನ್ನು ತೆಗೆದರೆ ಗುಡಿಸಿದ ಹಾಗಾಗುತ್ತದೋ ಇಲ್ಲವೋ? ಹೆಡ್ ಮಾಸ್ತರರು ತಲೆ ಮೇಲೆ ಕೈ ಹೊತ್ತು ಕೂತು, ಕೊನೆಗೆ ಇಲಾಖೆಗೇ ಪತ್ರ ಬರೆದರು. ಮೂರು ತಿಂಗಳ ಮೇಲೆ ಉತ್ತರ ಬಂತು: ವಿಷಯ ಪರಿಶೀಲನೆಯಲ್ಲಿದೆ. ಅಷ್ಟು ದಿನವೂ ಆ ಕಾಗದ ಅಲ್ಲೇ ಇತ್ತು, ದೊಡ್ಡಮ್ಮ ಅದರ ಕಡೆ ನೋಡದೆ ತಲೆ ತಿರುಗಿಸಿಕೊಂಡು ಓಡಾಡುತ್ತಿದ್ದಳು. ಆ ಕಡೆ ತಡೆದುಕೊಂಡ ಕೈಯನ್ನು ಈ ಕಡೆ ಬಿಟ್ಟಳು. ನನ್ನ ಅಂಗಡಿಗೆ ಬಂದು ಗುಡಿಸಿದಳು, ಪಕ್ಕದ ಚಪ್ಪಲಿ ಅಂಗಡಿ ಗುಡಿಸಿದಳು, ಬಸ್ ನಿಲ್ದಾಣವನ್ನೂ ಗುಡಿಸಿದಳು. ಬಸ್ಸಿಗೆ ಕಾದವರೆಲ್ಲ ಸಾಲಾಗಿ ಕಾಲೆತ್ತಿ ನಿಂತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆಮೇಲೆ ಏನಾಯಿತೋ, ನೋಡತೊಡಗಿದಳು. ಗುಡಿಸುವ ಹಾಗಿಲ್ಲ, ಬಿಟ್ಟು ಹೋಗುವ ಹಾಗಿಲ್ಲ, ಇನ್ನೇನು ಮಾಡುತ್ತಾಳೆ? ಬಿಡುವಿದ್ದಾಗೆಲ್ಲ ಮಣೆ ಹಾಕಿಕೊಂಡು ಹಗ್ಗದ ಪಕ್ಕ ಕೂರುವಳು. ವಿಜ್ಞಾನದ ಮೇಡಂ ಒಂದು ಭೂತಗನ್ನಡಿ ಕೊಟ್ಟರು. ಅಲ್ಲಿಂದ ನನ್ನ ಮನೆಯೂಟದ ನೆಮ್ಮದಿ ಹಾಳಾಯಿತು. ಅನ್ನ ಕಲಸುತ್ತಿರುವಾಗಲೇ ಶುರು ಮಾಡುವಳು.

"ಇವತ್ತು ಆ ಸಹಸ್ರಪದಿ ಇಲ್ವೇನೇ, ಅದು ಮರಿಗಳ ಜೊತೆ ಬಂದಿತ್ತು."

"ಊಟ ಮಾಡು ದೊಡ್ಡಮ್ಮ."

"ಎಲೆ ಮೊದಲು ಕೆಂಪಗಿರುತ್ತೆ ಕಣೇ. ಆಮೇಲೆ ಕಂದು. ಆಮೇಲೆ ಹುಳ ತಿಂದು ತಿಂದು ಜಾಲರಿ. ಆಮೇಲೆ ಕಪ್ಪು ಪುಡಿ. ಇಷ್ಟು ವರ್ಷ ನಾನು ಕೆಂಪು ಇದ್ದಾಗ್ಲೇ ಎತ್ತಿ ಬಿಸಾಕ್ತಿದ್ದೆ. ಮುಂದಿನ ಕಥೆ ಗೊತ್ತೇ ಆಗಿರಲಿಲ್ಲ ನೋಡು."

ನನಗೆ ಸಿಟ್ಟೂ ಬರುತ್ತಿತ್ತು, ಖುಷಿಯೂ ಆಗುತ್ತಿತ್ತು. ಸಿಟ್ಟನ್ನಷ್ಟೇ ತೋರಿಸಿದೆ, ನನ್ನ ಬುದ್ಧಿ ಅದು.

ಹನ್ನೊಂದು ತಿಂಗಳು ಹೀಗೇ ಕಳೆಯಿತು. ತಪಾಸಣೆಯ ದಿನ ಬೆಳಗ್ಗೆ ಒಂಬತ್ತು ಗಂಟೆಗೇ ದೊಡ್ಡಮ್ಮ ನನ್ನ ಅಂಗಡಿಗೆ ಬಂದು ಕೂತಳು. ತಂಡದವರಿಗೆ ಕೊಡಬೇಕಾದ ಮಕ್ಕಳ ಲೆಕ್ಕದ ಹಾಳೆಗಳು ನಕಲಾಗಬೇಕಿತ್ತು. ನನ್ನ ಮೆಷಿನ್ನಿಗೆ ಬೆಳಗ್ಗೆ ಹೊತ್ತು ಮೈ ಬಿಸಿಯಾಗುವುದು ತಡ. ಅರ್ಧ ಗಂಟೆ ಹಿಡಿಯಿತು. ಆ ಅರ್ಧ ಗಂಟೆಯಲ್ಲೇ ಆದದ್ದೆಲ್ಲ ಆಯಿತು.

ಹಾಳೆ ಹಿಡಿದು ಇಬ್ಬರೂ ರಸ್ತೆ ದಾಟಿ ಗೇಟಿನೊಳಗೆ ಹೋದೆವು. ದೊಡ್ಡಮ್ಮ ನಿಂತಲ್ಲೇ ನಿಂತುಬಿಟ್ಟಳು. ಚೌಕದ ನಡುವೆ ನೆಲ ಕಾಣುತ್ತಿತ್ತು. ಎಲೆ ಇಲ್ಲ, ಪುಡಿ ಇಲ್ಲ. ಅಂದ ಹೆಚ್ಚಲಿ ಅಂತ ಹಗ್ಗದ ಆಚೀಚೆ ಎರಡು ಹೂಕುಂಡ ಬೇರೆ. ಏನಾಯಿತೆಂದು ಕೇಳುವುದರೊಳಗೆ ಜೀಪು ಒಳಗೆ ಬಂತು.

ಇಳಿದವರು ಮೂವರು. ಇಲಾಖೆಯ ಅಧಿಕಾರಿ, ಕಂಪನಿಯ ಹೆಣ್ಣುಮಗಳು, ತರಬೇತಿ ಕೊಡುವ ಸಂಸ್ಥೆಯ ಮುದುಕರು. ಮುದುಕರು ಕೀಟಗಳ ಬಗ್ಗೆ ಓದಿಕೊಂಡವರಂತೆ. ಹೆಡ್ ಮಾಸ್ತರರು, ವಿಜ್ಞಾನದ ಮೇಡಂ, ಏಳನೇ ತರಗತಿಯ ಮಕ್ಕಳು ಎಲ್ಲರೂ ಮರದ ಕೆಳಗೆ ಸೇರಿದರು. ಅಧಿಕಾರಿ ಚೌಕ ನೋಡಿದರು, ಕೈಯಲ್ಲಿದ್ದ ನಮೂನೆ ನೋಡಿದರು.

"ಗುಡಿಸಿದೀರಲ್ರೀ. ಯಾರು ಗುಡಿಸಿದ್ದು?"

ಕತ್ತುಗಳೆಲ್ಲ ಒಂದೇ ಕಡೆ ತಿರುಗಿದವು. ಮಕ್ಕಳೂ ದೊಡ್ಡಮ್ಮನನ್ನು ನೋಡಿದರು, ಮೇಡಂ ಕೂಡ ನೋಡಿದರು. ಸುಳ್ಳು ಯಾಕೆ ಹೇಳಲಿ, ನಾನೂ ನೋಡಿದೆ. ನಸುಕಿನಲ್ಲೇ ಬಂದು, ಕೈ ತಡೆಯಲಾರದೆ ಒಂದೇ ಒಂದು ಸಲ ಎಳೆದುಬಿಟ್ಟಳೇನೋ ಅನ್ನಿಸಿತು. ದೊಡ್ಡಮ್ಮ ಬೇರೆಯವರ ಮುಖ ನೋಡಲಿಲ್ಲ, ನನ್ನ ಮುಖವನ್ನೇ ನೋಡಿದಳು. ಆ ನೋಟ ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಅಧಿಕಾರಿ ಪೆನ್ನು ತೆಗೆದರು. "ಆಯಾ ಗುಡಿಸಿದ್ದಾರೆ ಅಂತ ಬರ್ಕೋತೀನಿ."

"ಬರ್ಕೋಬೇಡಿ ಸಾಹೇಬ್ರೇ," ಅಂದಳು ದೊಡ್ಡಮ್ಮ. "ಕೆಲಸ ಹೋದ್ರೆ ಹೋಗ್ಲಿ. ಆದ್ರೆ ಇದು ನಾನು ಗುಡಿಸಿದ್ದು ಅಂತ ಮಾತ್ರ ಅನ್ನಬೇಡಿ. ಇದೇನು ಗುಡಿಸೋ ಚಂದವಾ?"

ಅವಳು ಹಗ್ಗದ ಬಳಿ ಕೂತು ಬೆರಳು ತೋರಿಸಿದಳು. "ಈ ಗೆರೆ ನೋಡಿ, ಒಂದು ಹೀಗೆ, ಒಂದು ಹಾಗೆ. ಕೋಳಿ ಕೆದರಿದ ಹಾಗಿದೆ. ಪೊರಕೆ ನೆಟ್ಟಗೆ ಹಿಡ್ಕೊಳ್ಳೋಕೆ ಬಾರದವರ ಕೆಲಸ ಇದು. ಕಸ ಮುಂದಕ್ಕೆ ತಳ್ಳಿದಾರೆ, ಎಳ್ಕೊಂಡಿಲ್ಲ. ನಾಲ್ಕು ಮೂಲೇನೂ ಹಾಗೇ ಬಿಟ್ಟಿದಾರೆ. ಹತ್ತೊಂಬತ್ತು ವರ್ಷದಲ್ಲಿ ನಾನು ಒಂದು ಮೂಲೆ ಬಿಟ್ಟಿದ್ರೆ ಹೇಳಿ."

ಗೋಡೆಗೆ ಒರಗಿಸಿದ್ದ ಪೊರಕೆ ತಂದು ಹಗ್ಗದ ಆಚೆ, ಅಷ್ಟೇ ಅಳತೆಯ ಜಾಗವನ್ನು ಆರು ಎಳೆತದಲ್ಲಿ ಗುಡಿಸಿ ತೋರಿಸಿದಳು. ಆರೂ ಗೆರೆ ಒಂದೇ ಸಮ. "ಇದು ನನ್ನ ಕೈ. ನಾನು ಗುಡಿಸಿದ್ರೆ ಒಂದು ಇರುವೆ ಉಳೀತಿತ್ತಾ ಅಲ್ಲಿ?"

ಅಧಿಕಾರಿ ಅದನ್ನೂ ಇದನ್ನೂ ನೋಡಿದರು. ವಾದಕ್ಕೆ ಜಾಗವೇ ಇರಲಿಲ್ಲ. ಆಗ ಹೆಡ್ ಮಾಸ್ತರರು ಗಂಟಲು ಸರಿಮಾಡಿಕೊಂಡರು. ಅವರ ಪ್ಯಾಂಟಿನ ತುದಿಗೆ ಎಲೆಯ ಕಪ್ಪು ಪುಡಿ ಮೆತ್ತಿತ್ತು.

"ಗುಡಿಸಿದ್ದು ನಾನು ಸಾರ್," ಅಂದರು. "ಗೇಟ್ ತೆಗೆದೆ. ತಪಾಸಣೆ ದಿನ, ಎದುರಿಗೇ ಕಸ. ಮೂವತ್ತು ವರ್ಷದಿಂದ ಸಾಹೇಬ್ರು ಬರ್ತಾರೆ ಅಂದ್ರೆ ಕ್ಲೀನ್ ಮಾಡಿಸಿಯೇ ಅಭ್ಯಾಸ. ಆಯಾ ಕಾಣಲಿಲ್ಲ, ನಾನೇ ಪೊರಕೆ ತಗೊಂಡೆ. ಅರ್ಧ ಗುಡಿಸಿದ ಮೇಲೆ ನೆನಪಾಯ್ತು. ಆಮೇಲೆ ಗಾಬರಿಗೆ ಕುಂಡ ಇಟ್ಟೆ."

ವರ್ಷವಿಡೀ ದೊಡ್ಡಮ್ಮನ ಕೈಗೆ ಕಾವಲು ಕೂತಿದ್ದ ಮನುಷ್ಯ. ನನಗೆ ನಗಬೇಕೋ ಬಯ್ಯಬೇಕೋ ತಿಳಿಯಲಿಲ್ಲ. ಕಂಪನಿಯ ಹೆಣ್ಣುಮಗಳು ಮಾತ್ರ ನಕ್ಕೇಬಿಟ್ಟಳು.

ಅಧಿಕಾರಿ ನಮೂನೆ ತಿರುವಿ ಹಾಕಿದರು. ಅದರಲ್ಲಿದ್ದುದು ಎರಡೇ ಖಾನೆ, ಗುಡಿಸಲಾಗಿದೆ, ಗುಡಿಸಲಾಗಿಲ್ಲ. ಅಷ್ಟರಲ್ಲಿ ಮುದುಕರು ಒಂದು ಮೂಲೆಗೆ ಮಂಡಿಯೂರಿ ಭೂತಗನ್ನಡಿ ಹಿಡಿದಿದ್ದರು. ದೊಡ್ಡಮ್ಮ ಪಕ್ಕದಲ್ಲಿ ಕೂತು ಒಂದೊಂದೇ ಪದರ ಎತ್ತಿ ತೋರಿಸಿದಳು. ಮೇಲೆ ಕಂದು, ಅದರ ಕೆಳಗೆ ಜಾಲರಿ, ಅದರ ಕೆಳಗೆ ಪುಡಿ, ಯಾವುದರ ಕೆಳಗೆ ಯಾರು ವಾಸ ಅಂತ. ಹೆಸರು ಮುದುಕರು ಹೇಳಿದರು, ವಿಳಾಸ ದೊಡ್ಡಮ್ಮ ಹೇಳಿದಳು. ನಾಲ್ಕು ಮೂಲೆ ಸೇರಿ ಮೂವತ್ತೊಂದು ಬಗೆ.

"ಮೂವತ್ತೊಂದು," ಅಂದರು ಮುದುಕರು. "ನಿನ್ನೆ ನೋಡಿದ ಶಾಲೆಯಲ್ಲಿ ಹನ್ನೆರಡು. ಗುಡಿಸೋಕೆ ಬರದವರು ಗುಡಿಸಿದ್ದು ಒಳ್ಳೇದಾಯ್ತು."

ಅಧಿಕಾರಿ ಎರಡು ಖಾನೆಯ ನಡುವೆ ಕೈಯಲ್ಲೇ ಒಂದು ಖಾನೆ ಎಳೆದು 'ಭಾಗಶಃ' ಎಂದು ಬರೆದರು. ಪಕ್ಕದಲ್ಲಿ ಮೂವತ್ತೊಂದು ಎಂದೂ ಬರೆದರು. ಮೂವರೂ ಸಹಿ ಹಾಕಿದರು.

ಮನೆಗೆ ಹೋಗುವ ದಾರಿಯಲ್ಲಿ ನಾನು, "ತಪ್ಪಾಯ್ತು ದೊಡ್ಡಮ್ಮ," ಅಂದೆ. ಮನೆ ಬಾಗಿಲ ಹತ್ತಿರ ಬಂದ ಮೇಲೆ ಅವಳು, "ನನ್ನ ಕೈಯಲ್ಲಿ ಬೆಳೆದವಳು ನೀನು, ನನ್ನ ಕೈ ಗುರುತು ಸಿಗಲಿಲ್ವಲ್ಲೇ ನಿಂಗೆ," ಅಂದಳು. ಅಷ್ಟೇ ಅಂದಿದ್ದು. ನನಗೆ ಆ ರಾತ್ರಿ ಊಟ ಸೇರಲಿಲ್ಲ.

ಎರಡು ತಿಂಗಳಿಗೆ ಆದೇಶ ಬಂತು. ಪರಿಸರ ಸಹಾಯಕಿ, ಕಾಯಂ. ನಾನು ಅಂಗಡಿಯಲ್ಲೇ ಗಟ್ಟಿಯಾಗಿ ಓದಿದೆ, ಓದುತ್ತಾ ಅಳು ಬಂತು, ಅತ್ತುಬಿಟ್ಟೆ. ದೊಡ್ಡಮ್ಮ ಅಳಲಿಲ್ಲ. ಕೆಳಗೆ ಇನ್ನೂ ಎರಡು ಸಾಲು ಇರುವುದು ಅವಳ ಕಣ್ಣಿಗೆ ಬಿದ್ದಿತ್ತು.

"ಅದೇನೇ?"

"ಸದರಿ ಸಹಾಯಕಿಯು ಚೌಕದ ಪಾಲನೆಯ ಹೊಣೆ ಹೊರತಕ್ಕದ್ದು. ಶಾಲೆಯ ಸ್ವಚ್ಛತಾ ಕೆಲಸವನ್ನು ಇವರಿಗೆ ವಹಿಸತಕ್ಕದ್ದಲ್ಲ."

"ಅಂದ್ರೆ?"

"ಅಂದ್ರೆ ಇನ್ಮೇಲೆ ಶಾಲೆಯಲ್ಲಿ ನೀನು ಪೊರಕೆ ಮುಟ್ಟೋ ಹಾಗಿಲ್ಲ."

ಅವಳು ಪೆನ್ನು ತೆಗೆದುಕೊಂಡಳು. "ಮುಟ್ಟಬೇಡ ಅಂತ ಸರ್ಕಾರದ ಬಾಯಲ್ಲಿ ಹೇಳಿಸ್ಕೊಳ್ಳೋಕೆ ಹತ್ತೊಂಬತ್ತು ವರ್ಷ ಗುಡಿಸ್ಬೇಕಾಯ್ತು ನೋಡು," ಅಂದು ಸಹಿ ಹಾಕಿದಳು.

ಈಗ ಶಾಲೆ ಗುಡಿಸಲು ಬೇರೆಯವಳು ಬರುತ್ತಾಳೆ. ಒಳ್ಳೆಯ ಹೆಂಗಸು, ಆದರೆ ಮೂಲೆ ಬಿಡುತ್ತಾಳೆ. ದೊಡ್ಡಮ್ಮ ಹಗ್ಗದ ಪಕ್ಕ ಮಣೆಯ ಮೇಲೆ ಕೂತು ಅದನ್ನು ನೋಡುತ್ತಾಳೆ, ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿರುತ್ತಾಳೆ. ಆ ಸಂಕಟವನ್ನೆಲ್ಲ ಮನೆಗೆ ತರುತ್ತಾಳೆ. ನಮ್ಮ ಎರಡು ಕೋಣೆಯ ಮನೆಯನ್ನು ದಿನಕ್ಕೆ ನಾಲ್ಕು ಸಲ ಗುಡಿಸುತ್ತಾಳೆ. ಕಾಲೆತ್ತಿ ಎತ್ತಿ ನನ್ನ ಸೊಂಟ ಬಿದ್ದುಹೋಗಿದೆ.

ಮೊನ್ನೆ ಗುಡಿಸುತ್ತಾ ಬಾಗಿಲ ಹಿಂದಿನ ಮೂಲೆಗೆ ಹೋದಳು. ಅಲ್ಲಿ ಜೇಡವೊಂದು ಸಣ್ಣ ಬಲೆ ಕಟ್ಟಿತ್ತು. ದೊಡ್ಡಮ್ಮ ಬಗ್ಗಿ ನೋಡಿ, ಪೊರಕೆಯನ್ನು ಹಿಂದಕ್ಕೆ ತೆಗೆದಳು.

"ಮೂಲೆ ಬಿಟ್ಟೆಯಲ್ಲ ದೊಡ್ಡಮ್ಮ," ಅಂದೆ. ಸಿಕ್ಕಿದ್ದೇ ಅವಕಾಶ.

"ಅದು ಹೆಡ್ ಮಾಸ್ತರರ ಮೂಲೆ, ಇರ್ಲಿ," ಅಂದಳು. "ನೀನು ಕಾಲೆತ್ತು."

ಎತ್ತಿದೆ.