ಫಿಂಟಾಸ್ ಅಂಗಳದ ಕೆಂಪು ನೀರು

ಬೆಳ್ತಂಗಡಿ ಕಡೆಯ ಚಂದ್ರಪ್ರಭಾ ಕುವೈತ್‌ಗೆ ಹೋದದ್ದು ಅಡುಗೆ ಕೆಲಸಕ್ಕೆ. ಗಂಡ ತೀರಿಕೊಂಡ ಮೇಲೆ ಬೀಡಿ ಕಟ್ಟಿ ಒಬ್ಬಳೇ ಮಗಳನ್ನು ಬೆಳೆಸಿ, ಮದುವೆ ಮಾಡಿಸಿ, ನಂತರ ವಿಮಾನ ಹತ್ತಿದವಳು. ಊರಿನಲ್ಲಿ ಇನ್ನೊಂದು ಕೆಲಸಕ್ಕೂ ಅವಳಿಗೆ ಹೆಸರಿತ್ತು. ಯಾವ ಮನೆಯಲ್ಲಿ ಹೆರಿಗೆಯಾದರೂ ಬಾಣಂತಿಗೂ ಕೂಸಿಗೂ ನೀರು ಹೊಯ್ಯಲು ಅವಳನ್ನೇ ಕರೆಯುತ್ತಿದ್ದರು. ಅವಳ ಕೈಯ ನೀರು ಬಿದ್ದರೆ ಅಳುವ ಕೂಸೂ ಸುಮ್ಮನಾಗುತ್ತದೆ ಎನ್ನುತ್ತಿದ್ದರು.

ಆ ಕೈಯನ್ನು ಕುವೈತಿನ ಫಿಂಟಾಸ್ ಬಡಾವಣೆಯಲ್ಲಿದ್ದ, ನಮ್ಮ ಕಡೆಯವರೇ ಆದ ಡೊಮಿನಿಕ್ ಮತ್ತು ಫೆಲ್ಸಿ ದಂಪತಿ ಕೋಳಿಗೆ ನೀರಿಡಲು ಬಳಸಿದರು.

ಡೊಮಿನಿಕ್ ದೊಡ್ಡ ಕಂಪೆನಿಯೊಂದರಲ್ಲಿ ಮ್ಯಾನೇಜರ್. ಹೊಸದಾಗಿ ಬಾಡಿಗೆಗೆ ಹಿಡಿದ ವಿಲ್ಲಾದ ಹಿಂದೆ ಅಂಗಳವೊಂದು ಸಿಕ್ಕಿತ್ತು. ಅಂಗಳ ಸಿಕ್ಕಿದ್ದೇ ಗಂಡಹೆಂಡಿರಿಗೆ ಊರಿನ ಮೇಲೆ ಪ್ರೀತಿ ಉಕ್ಕಿತು. ಶುಕ್ರವಾರದ ಸಂತೆಯಿಂದ ಡಜನ್ ಕೋಳಿ ತಂದು ಬಿಟ್ಟರು. ೨೦೦೮ರ ಜನವರಿ ಕೊನೆಗೆ ಅವರ ಮದುವೆಯ ಬೆಳ್ಳಿಹಬ್ಬ. 'ಮನೆಯಲ್ಲೇ ಸಾಕಿದ ಕೋಳಿಯ ಸುಕ್ಕ, ಕೋರಿರೊಟ್ಟಿ' ಎಂದು ಫೆಲ್ಸಿ ಗುರುತಿನವರಿಗೆಲ್ಲ ಸಾರಿಕೊಂಡು ಬಂದಿದ್ದಳು.

ಚಂದ್ರಪ್ರಭಾಳ ಮಗಳು ಆಗ ತುಂಬು ಬಸುರಿ.

"ಬಾಯಮ್ಮ, ಮಗಳಿಗೆ ಫೆಬ್ರವರಿಯಲ್ಲಿ ಡೇಟ್ ಕೊಟ್ಟಿದ್ದಾರೆ. ಚೊಚ್ಚಲು. ನಾನು ಬಿಟ್ರೆ ಬಾಣಂತನಕ್ಕೆ ಜನ ಇಲ್ಲ."

"ಹೋಗು ಮಾರಾಯ್ತಿ, ಯಾರು ಬೇಡ ಹೇಳಿದ್ದು?" ಎಂದಳು ಫೆಲ್ಸಿ. "ಬೆಳ್ಳಿಹಬ್ಬ ಒಂದು ಮುಗೀಲಿ. ಕೋಳಿ ಒಂದೂ ಸಾಯ್ಲಿಕ್ಕಿಲ್ಲ ನೋಡು. ಆಮೇಲೆ ಪಾಸ್‌ಪೋರ್ಟ್ ನಿನ್ನ ಕೈಗೆ."

ಪಾಸ್‌ಪೋರ್ಟ್ ಚಂದ್ರಪ್ರಭಾಳದ್ದೇ. ಇದ್ದದ್ದು ಫೆಲ್ಸಿಯ ಕಪಾಟಿನಲ್ಲಿ, ಸೀರೆಗಳ ಅಡಿಯಲ್ಲಿ. ಇಕಾಮಾ ಎಂಬ ವಾಸದ ಪರವಾನಗಿ ಮಾಡಿಸಿಕೊಟ್ಟವರು ಕೆಲಸದವಳ ಪಾಸ್‌ಪೋರ್ಟಿನ ಮೇಲೆ ಕೂತುಕೊಳ್ಳುವುದು ಅಲ್ಲಿ ಯಾರಿಗೂ ತಪ್ಪೆನಿಸುವುದಿಲ್ಲ. ವಾರವಾರ ಇಗರ್ಜಿಯಲ್ಲಿ 'ನನ್ನ ಪಾಪ, ನನ್ನ ಪಾಪ' ಎಂದು ಎದೆ ಬಡಿದುಕೊಳ್ಳುವವರಿಗೂ ಅನಿಸುವುದಿಲ್ಲ.

ಕುವೈತ್ ಎಂದರೆ ಬರೀ ಬಿಸಿಲು ಎಂದುಕೊಂಡವರು ಅಲ್ಲಿನ ಜನವರಿಯನ್ನು ನೋಡಿಲ್ಲ. ಆ ವರ್ಷ ಮರಳುಗಾಡಿನಿಂದ ಬೀಸಿದ ಗಾಳಿ ಚರ್ಮ ಸುಲಿಯುವಂತಿತ್ತು. ಟ್ಯಾಂಕಿನ ನೀರಿಗೆ ಕೋಳಿಗಳು ಒಮ್ಮೆ ಕೊಕ್ಕು ಅದ್ದಿ, ತಲೆ ಕೊಡವಿ, ದೂರ ಹೋಗಿ ನಿಲ್ಲುತ್ತಿದ್ದವು. ನೀರು ಕುಡಿಯದ ಕೋಳಿ ಕಾಳನ್ನೂ ಮುಟ್ಟುವುದಿಲ್ಲ. ಚಂದ್ರಪ್ರಭಾ ಮಸೀದಿಯ ಬೆಳಗಿನ ಬಾಂಗ್ ಕೇಳುತ್ತಲೇ ಎದ್ದು ನೀರು ಕಾಯಿಸಿ, ತಣ್ಣೀರು ಬೆರೆಸಿ, ಮೊಣಕೈ ಅದ್ದಿ ಹದ ನೋಡಿ ಅಂಗಳದ ಬೋಗುಣಿಗೆ ಹೊಯ್ಯುತ್ತಿದ್ದಳು. ಅದು ಆರಿದಾಗಲೆಲ್ಲ ಚೆಲ್ಲಿ ಮತ್ತೆ ಬಿಸಿ ನೀರು. ಬೆರಳ ಸಂದು ಬಿರಿದು ರಕ್ತ ಬರುತ್ತಿತ್ತು.

"ಪ್ರಭಾ, ಕೋಳಿಗಳದ್ದು ಆಗಿದ್ರೆ ನಂಗೂ ಒಂದು ಚಾ ಸಿಕ್ಕೀತಾ?" ಎಂದು ಡೊಮಿನಿಕ್ ತಮಾಷೆ ಮಾಡುತ್ತಿದ್ದ.

"ಕೋಳಿಗಳದ್ದು ಆಯ್ತು ಪೊರ್ಬುಗಳೇ. ಅವು ಸಕ್ಕರೆ ಕೇಳೂದಿಲ್ಲ," ಎನ್ನುತ್ತಿದ್ದಳು. ಊರಿಗೆ ಹೋಗುವ ಹುರುಪು. ನಗು ಬರುತ್ತಿತ್ತು.

ಬೆಳ್ಳಿಹಬ್ಬಕ್ಕೆ ಎರಡು ವಾರವಿದ್ದಾಗ ಕೋಳಿಗಳಿಗೆ ಶೀತ ಹಿಡಿಯಿತು. ಮೂಗು ಸೋರಿತು, ಒಂದೆರಡರ ಗಂಟಲು ಗೊರಗೊರ ಎಂದಿತು. ಚಂದ್ರಪ್ರಭಾ ಪಾಚಿ ಕಟ್ಟಿದ್ದ ಬಿಳಿ ಬೋಗುಣಿಯನ್ನು ಸೋಪಿನ ಪುಡಿ ಹಾಕಿ ತಿಕ್ಕಿದಳು. ಬಿರಿದ ಕೈಗೆ ಆ ತಣ್ಣೀರು ಉರಿ ಹತ್ತಿಸಿತು; ತೊಳೆಯುವುದನ್ನು ಅರ್ಧಕ್ಕೇ ಬಿಟ್ಟಳು. ಬಿಸಿ ನೀರಿಗೆ ಎರಡು ಚಮಚ ಅರಿಶಿನ ಕಲಸಿ ಅದಕ್ಕೆ ಹೊಯ್ದು, ಅರೆಗತ್ತಲಲ್ಲೇ ಇಟ್ಟು ಒಳಗೆ ಬಂದಳು.

ಬೆಳಕು ಹರಿದ ಮೇಲೆ ಅಂಗಳಕ್ಕೆ ಹೋದ ಫೆಲ್ಸಿ ಕಿರಿಚಿಕೊಂಡಳು. ಬೋಗುಣಿಯ ತುಂಬ ರಕ್ತದಂಥ ಕೆಂಪು ನೀರು.

ಒಬ್ಬ ಕುವೈತಿಯೋ ಈಜಿಪ್ಟಿನವನೋ ನೋಡಿದ್ದರೆ ಚೆಲ್ಲಿ ಸುಮ್ಮನಾಗುತ್ತಿದ್ದ. ಫೆಲ್ಸಿ ನಮ್ಮ ಊರಿನವಳಲ್ಲವೇ! ಅರಿಶಿನಕ್ಕೆ ಸುಣ್ಣ ಬೆರೆಸಿ ಕೆಂಪು ಕುರ್ದಿ ನೀರು ಮಾಡಿ ದೃಷ್ಟಿ ತೆಗೆಯುವುದನ್ನು, ಮಾಟ ಕಳೆಯುವುದನ್ನು ನೆರೆಮನೆಗಳಲ್ಲಿ ನೋಡಿ ಬೆಳೆದವಳು.

"ಯಾರಿಗೆ ಮಾಡಿದ್ದು ಇದು? ಹೇಳು, ಯಾರಿಗೆ?"

"ಸೋಪು ಬಾಯಮ್ಮ! ಅರಿಶಿನಕ್ಕೆ ಸೋಪು ತಾಗಿದ್ರೆ ಕೆಂಪಾಗ್ತದಲ್ಲ? ಕೋಳಿಗೆ ಶೀತ ಅಂತ ಹಾಕಿದ್ದು."

"ನಿಮ್ಮವರ ಕೆಲಸ ನಂಗೆ ಗೊತ್ತುಂಟು. ನನ್ನ ಕಣ್ಣಿಗೆ ಮಣ್ಣು ಹಾಕ್ಬೇಡ."

ಸಾರಿನ ಕಲೆ ಬಿದ್ದ ಬಟ್ಟೆ ಸೋಪು ತಾಗಿದ್ದೇ ಕೆಂಪಾಗುವುದನ್ನು ನೋಡದ ಹೆಂಗಸು ನಮ್ಮ ಜಿಲ್ಲೆಯಲ್ಲಿ ಒಬ್ಬಳಿದ್ದರೆ ತೋರಿಸಿ. ಫೆಲ್ಸಿ ಇಪ್ಪತ್ತೈದು ವರ್ಷ ಗಂಡನ ಅಂಗಿಯಲ್ಲಿ ಅದನ್ನು ನೋಡಿದ್ದಳು. ಗೊತ್ತಿದ್ದದ್ದನ್ನು ಆ ಗಳಿಗೆಯಲ್ಲಿ ಗೊತ್ತಿಲ್ಲದಂತೆ ಮಾಡಿಕೊಳ್ಳಲು ಎದುರಿಗೆ ಕೆಲಸದವಳು ನಿಂತಿದ್ದರೆ ಸಾಕು.

ಫೆಲ್ಸಿ ತನ್ನ ಪ್ರಾರ್ಥನಾ ಕೂಟದ ಗೆಳತಿ ಶರ್ಲಿನ್‌ಗೆ ಫೋನ್ ಹಚ್ಚಿದಳು. "ಶುಕ್ರವಾರ ನಾವೆಲ್ಲ ಬರ್ತೇವೆ," ಎಂದಳು ಶರ್ಲಿನ್. "ಅಷ್ಟರವರೆಗೆ ಅವಳು ಮನೆಯ ನೀರು ಮುಟ್ಲಿಕ್ಕಿಲ್ಲ. ನೀನೂ ಆ ಅಂಗಳಕ್ಕೆ ಕಾಲು ಹಾಕ್ಬೇಡ."

ಅಂದು ಮಂಗಳವಾರ. ಫೆಲ್ಸಿ ಉದ್ದ ಕೋಲಿನಿಂದ ಬೋಗುಣಿಯನ್ನು ಮಗುಚಿ ಅಂಗಳದ ಬಾಗಿಲಿಗೆ ಬೀಗ ಹಾಕಿದಳು. ಊಟ ಹೋಟೆಲಿನಿಂದ ಬಂತು. ಚಂದ್ರಪ್ರಭಾಳ ಪಾಲಿನ ಕುಡಿಯುವ ನೀರು ಬಾಟಲಿಯಲ್ಲಿ ಅವಳ ಕೋಣೆಯ ಹೊಸ್ತಿಲಿಗೆ ಬಂತು. ಕೋಳಿಗಳಿಗೆ ಏನೂ ಬರಲಿಲ್ಲ.

ಬುಧವಾರ ಅವು ಕೂಗಾಡಿದವು. ಗುರುವಾರ ಕೂಗು ನಿಂತಿತು. ಚಂದ್ರಪ್ರಭಾ ಅಡುಗೆಮನೆಯ ಕಿಟಕಿಯ ಗಾಜಿಗೆ ಹಣೆ ಹಚ್ಚಿ ನೋಡಿ, ಸಂಜೆ ಆಫೀಸಿನಿಂದ ಬಂದ ಡೊಮಿನಿಕ್‌ನ ಮುಂದೆ ಕೈಮುಗಿದಳು.

"ಪೊರ್ಬುಗಳೇ, ಕೋಳಿಗಳು ಬಾಯಿ ತೆರೆದು ಬಿದ್ದಿವೆ. ನಾನು ಮುಟ್ಟೂದು ಬೇಡ. ನೀವಾದ್ರೂ ಒಂದು ಚೊಂಬು ನೀರು ಇಡಿ. ಅವು ಸತ್ರೆ ನಾನು ಊರಿಗೆ ಹೋಗ್ಲಿಕ್ಕಾಗ್ತದಾ?"

ಡೊಮಿನಿಕ್ ಇಂಥದ್ದನ್ನೆಲ್ಲ ನಂಬುವವನಲ್ಲ. ಆಫೀಸಿನಲ್ಲಿ ಇದೇ ಕಥೆ ಹೇಳಿ ನಗಿಸಿದ್ದ. ಮನೆಯಲ್ಲಿ ಮಾತ್ರ ದನಿ ತಗ್ಗಿಸಿದ: "ಖಲಾಸ್ ಪ್ರಭಾ. ನಾನು ಬೀಗ ತೆಗೆದ್ರೆ ಅವಳು ಮನೆ ತಲೆ ಮೇಲೆ ಹೊತ್ತುಕೊಳ್ತಾಳೆ. ನಾಳೆ ಎಲ್ಲ ಸರಿಯಾಗ್ತದೆ."

ಶುಕ್ರವಾರ ಕೂಟದವರು ಬಂದರು. ಜಪಮಾಲೆ ಹೇಳಿ, ಅಂಗಳದ ನಾಲ್ಕೂ ಮೂಲೆಗೆ ಮಂತ್ರಿಸಿದ ನೀರು ಚಿಮುಕಿಸಿದರು. ಮೂರು ದಿನಗಳಲ್ಲಿ ಅಲ್ಲಿಗೆ ಬಿದ್ದ ನೀರು ಅದೊಂದೇ. ಗೋಡೆಯ ಬುಡದಲ್ಲಿ ಉಸಿರು ಉಳಿದಿದ್ದ ಒಂದು ಹೇಂಟೆ ಕತ್ತೆತ್ತಿ ಕೊಕ್ಕು ತೆರೆಯಿತು. ಹನಿ ಅದರ ಬೆನ್ನ ಮೇಲೆ ಬಿತ್ತು.

"ನೋಡು ಫೆಲ್ಸಿ, ನಿಮಗೆ ಬರ್ಬೇಕಾದ್ದು ಕೋಳಿಗಳ ಮೇಲೆ ಹೋಯ್ತು," ಎಂದಳು ಶರ್ಲಿನ್. ಎಲ್ಲರೂ 'ಆಮೆನ್' ಎಂದರು.

ಬೆಳ್ಳಿಹಬ್ಬ ನಿಲ್ಲಲಿಲ್ಲ. ಅಂಗಡಿಯ ಫ್ರೀಜರಿನ ಕೋಳಿ ಸುಕ್ಕವಾಯಿತು. 'ಊರಕೋಳಿಯ ರುಚಿಯೇ ಬೇರೆ' ಎಂದು ನೆಂಟರು ಬೆರಳು ನೆಕ್ಕಿದರು. ಮಸಾಲೆ ಅರೆದವಳು ಚಂದ್ರಪ್ರಭಾ. ರಾಶಿ ಬಿದ್ದ ಪಾತ್ರೆ ತೊಳೆಯುವಾಗ ಅವಳು ನೀರು ಮುಟ್ಟಬಹುದೇ ಎಂದು ಯಾರೂ ಕೇಳಲಿಲ್ಲ.

ಮರುದಿನ ಅವಳು ಪಾಸ್‌ಪೋರ್ಟ್ ಕೇಳಿದಳು.

"ಕೋಳಿ ಒಂದೂ ಸಾಯ್ಲಿಕ್ಕಿಲ್ಲ ಹೇಳಿದ್ದೆ ಅಲ್ವಾ?" ಎಂದಳು ಫೆಲ್ಸಿ. "ಒಂದಾದ್ರೂ ಉಂಟಾ ತೋರಿಸು."

ಫೆಬ್ರವರಿಯಲ್ಲಿ ಹೆಣ್ಣುಮಗು ಹುಟ್ಟಿತು. ಫೋನಿನಲ್ಲಿ ಮಗಳು ಅಳುತ್ತಿದ್ದಳು. "ಆಚೆಮನೆಯವರು ಬಂದು ಹೊಯ್ತಾರೆ ಅಮ್ಮ. ಅವರಿಗೆ ಬಿಡುವಿಲ್ಲ. ನೀರು ಸರಿ ಕಾದಿರೂದಿಲ್ಲ. ಕೂಸು ಒಂದೇ ಸಮ ಕೂಗ್ತದೆ."

"ಮೊಣಕೈ ಅದ್ದಿ ನೋಡ್ಲಿಕ್ಕೆ ಹೇಳು," ಎಂದಳು ಚಂದ್ರಪ್ರಭಾ.

ಅದೇ ವಾರ ಡೊಮಿನಿಕ್ ಸಂತೆಯಿಂದ ಮತ್ತೆ ಕೋಳಿ ತಂದ. ಫೆಲ್ಸಿ ಅಂಗಳದ ಬೀಗದ ಕೈಯನ್ನು ಚಂದ್ರಪ್ರಭಾಳ ಮುಂದೆ ಇಟ್ಟಳು. "ಚಳಿ ಇನ್ನೂ ಉಂಟು. ನೀರು ಬೆಚ್ಚಗಿರ್ಲಿ. ಅರಿಶಿನ ಗಿರಿಶಿನ ಹಾಕ್ಬೇಡ ಮತ್ತೆ."

ಮರುದಿನ ಬಾಂಗ್ ಕೇಳಿದಾಗ ಚಂದ್ರಪ್ರಭಾ ಎದ್ದಳು. ನೀರು ಕಾಯಿಸಿ, ತಣ್ಣೀರು ಬೆರೆಸಿ, ಮೊಣಕೈ ಅದ್ದಿದಳು. ಹಸುಗೂಸಿಗೆ ಹೇಳಿ ಮಾಡಿಸಿದಂಥ ಹದ. ಎತ್ತಿಕೊಂಡು ಹೋಗಿ ಕೋಳಿಗಳ ಬೋಗುಣಿಗೆ ಹೊಯ್ದಳು.