ಕಸ್ತೂರೆವ್ವನ ದೊಡ್ಡ ಫೋಟೊ

ನಬಿಲಾಲ ಫೋಟೊ ಕೆಲಸ ಕಲಿತದ್ದು ಮುದ್ದೇಬಿಹಾಳದ ಮಶಾಕಸಾಬರ ಸ್ಟುಡಿಯೊದಲ್ಲಿ. ೨೦೦೩ರಲ್ಲಿ ಡಿಜಿಟಲ್ ಕ್ಯಾಮೆರಾ ತಂದು ಸ್ವಂತ ಅಂಗಡಿ ಹಾಕಿದ್ದು ಅದರ ಎದುರಿಗೇ. ಬಂದ ಗಿರಾಕಿಗಳಿಗೆಲ್ಲ, ಮಶಾಕಸಾಬರಿಗೆ ಕೇಳಿಸುವ ಹಾಗೆ, "ರೀಲಿನ ಕಾಲ ಮುಗೀತ್ರಿ. ಈಗ ತಗದ್ರ ಈಗ ಕೈಯಾಗ ಫೋಟೊ" ಎನ್ನುತ್ತಿದ್ದ. ಅದು ಸುಳ್ಳೂ ಅಲ್ಲ. ಅವನ ಪ್ರಿಂಟರಿನ ಸಣ್ಣ ಫೋಟೊಗಳು ಅಗ್ಗ, ಬಣ್ಣವೂ ಢಾಳು. ಮಶಾಕಸಾಬರು ಕೇಳಿಯೂ ಕೇಳದವರ ಹಾಗೆ ಲೆನ್ಸ್ ಒರೆಸುತ್ತ ಕೂತಿರುತ್ತಿದ್ದರು.

ನಾಲತವಾಡದ ಸುವರ್ಣಾ ಮಗನ ಜವಳದ ಫೋಟೊಗಳನ್ನು ನಬಿಲಾಲನಿಂದ ತೆಗೆಸಿದ್ದಳು. ಮರುವರ್ಷ ಅವಳ ತಾಯಿ ಕಸ್ತೂರೆವ್ವ ತೀರಿಕೊಂಡಳು. ಜವಳದ ದಿನ ಮೊಮ್ಮಗನನ್ನು ಎತ್ತಿಕೊಂಡಿದ್ದ ಅವ್ವನ ಮುಖವನ್ನು ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಿಸಲು ಸುವರ್ಣಾ ಬಂದಳು.

ನಬಿಲಾಲ ಕಂಪ್ಯೂಟರಿನಲ್ಲಿ ಮುಖ ಹಿಗ್ಗಿಸಿದ. ಕಣ್ಣು, ಮೂಗು ಎಲ್ಲ ಚೌಕಚೌಕವಾಗಿ ಒಡೆದವು. ಕಾರ್ಡಿನಲ್ಲಿ ಹೆಚ್ಚು ಫೋಟೊ ಹಿಡಿಯಲೆಂದು ಅವತ್ತು ಕ್ಯಾಮೆರಾವನ್ನು ಎಲ್ಲಕ್ಕಿಂತ ಸಣ್ಣ ಸೈಜಿಗೆ ಇಟ್ಟಿದ್ದ. ಅದನ್ನು ಹೇಳಲು ಬಾಯಿ ಬರಲಿಲ್ಲ. ಚೌಕಗಳನ್ನು ತಿದ್ದಿ, ನುಣುಪು ಮಾಡಿ, ಕಟ್ಟು ಹಾಕಿಸಿ ಕೊಟ್ಟ.

ಸುವರ್ಣಾ ಬಹಳ ಹೊತ್ತು ನೋಡಿದಳು.

"ನಬಿಲಾಲಣ್ಣಾ, ಅವ್ವನ ಹಣಿಮ್ಯಾಗಿನ ಹಚ್ಚಿಬಟ್ಟು ಎಲ್ಲೈತ್ರಿ? ಇಕಿ ಯಾರೋ ಬ್ಯಾರೆ ಹೆಣ್ಮಗಳಂಗ ಕಾಣ್ತಾಳ."

ಬೈಯಲಿಲ್ಲ. ಹಚ್ಚೆ ಧೂಳಿನಡಿ ಇರಬಹುದೇನೋ ಎಂಬಂತೆ ಸೆರಗಿನಿಂದ ಗಾಜು ಒರೆಸಿದಳು. ನಬಿಲಾಲ, "ಬ್ಯಾರೆ ಮಾಡಿ ಕೊಡ್ತೇನಿ ತಂಗಿ" ಎಂದು ಫೋಟೊ ವಾಪಸ್ ಇಸಿದುಕೊಂಡ.

ಸುವರ್ಣಾಳ ಮದುವೆಯ ಫೋಟೊ ತೆಗೆದವರು ಮಶಾಕಸಾಬರು. ಸಂಜೆ ನಬಿಲಾಲ ರಸ್ತೆ ದಾಟಿದ. ಅಂಗಡಿ ಹಾಕಿದಂದಿನಿಂದ ಆ ಮೆಟ್ಟಿಲು ಹತ್ತಿರಲಿಲ್ಲ.

"ಚಾಚಾ, ಕಸ್ತೂರೆವ್ವನ ಮಕ ಕೆಡಿಸೇನಿ. ಸುವರ್ಣಾನ ಲಗ್ನದ ನೆಗೆಟಿವ್ ಇದ್ರ..."

ಮಶಾಕಸಾಬರು ಏನೂ ಕೆದಕದೆ ಕಪಾಟಿನಿಂದ ನೆಗೆಟಿವ್ ಪಟ್ಟಿಗಳನ್ನು ತೆಗೆದು ಬೆಳಕಿಗೆ ಹಿಡಿದರು. ಒಂದರಲ್ಲಿ ಕಸ್ತೂರೆವ್ವ ಬೀಗರ ಪಕ್ಕ ನಿಂತಿದ್ದಳು. ಮುಖ ಕಡಲೆಬೇಳೆಯಷ್ಟು.

"ಇಷ್ಟ ಸಣ್ಣದು ಸಾಕಾಗ್ತೈತೇನ್ ಚಾಚಾ?"

"ಸಾಕು. ಸ್ವಲ್ಪ ರವಾ ಚೆಲ್ಲಿದಂಗ ಕಾಳಕಾಳ ಕಾಣಬಹುದು. ಆದ್ರ ಮಕ ಅಕಿದೇ ಇರ್ತೈತಿ."

ನಬಿಲಾಲ ಆ ನೆಗೆಟಿವನ್ನು ಬಿಜಾಪುರದ ಲ್ಯಾಬಿಗೆ ಕಳಿಸಿದ. ಅಲ್ಲಿಂದ ಬಂದ ದೊಡ್ಡ ಫೋಟೊದಲ್ಲಿ ಹಚ್ಚೆಯಷ್ಟೇ ಅಲ್ಲ, ಹುಬ್ಬಿನ ಹತ್ತಿರದ ಗಾಯದ ಕಲೆಯೂ ಕಂಡಿತು. ಸುವರ್ಣಾ ಅದನ್ನು ಎದೆಗವಚಿಕೊಂಡು ಅತ್ತಳು.

"ಎಷ್ಟ ಚಂದ ತಗದೀರಿ ಅಣ್ಣಾ!"

ಆ ಹೊಗಳಿಕೆ ನಬಿಲಾಲನಿಗೆ ಒಂದು ಗಳಿಗೆ ಹಿತವೆನಿಸಿತು. ಹಿತವೆನಿಸಿದ್ದಕ್ಕೇ ಮತ್ತಷ್ಟು ನಾಚಿಕೆಯಾಯಿತು.

"ನಂದಲ್ಲ ತಂಗಿ, ನಿನ್ನ ಲಗ್ನದಾಗ ಚಾಚಾ ತಗದದ್ದು. ಬಾ" ಎಂದು ಎದುರಿನ ಅಂಗಡಿಗೆ ಕರೆದೊಯ್ದ.

ಕಾಲು ಮುಟ್ಟಲು ಬಾಗಿದ ಸುವರ್ಣಾಳನ್ನು ತಡೆದು ಮಶಾಕಸಾಬರು, "ನಿಮ್ಮವ್ವ ಅವತ್ತ ನನಗ ಕರದು ಕರದು ಹೋಳಿಗಿ ಉಣ್ಣಿಸಿದ್ಳು ನೋಡವಾ" ಎಂದರು. ಆಮೇಲೆ ನಬಿಲಾಲನ ಕಡೆ ತಿರುಗಿ, "ಒಳಗ ಬಾರೋ, ಕುಂಡ್ರು. ಚಾ ತರಸ್ತೇನಿ" ಎಂದರು.

ಚಾಚಾ ರೀಲಿನ ಮಾತೆತ್ತಿ ನಾಲ್ಕು ಮಾತು ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು. ನಬಿಲಾಲ ಬಾಗಿಲಲ್ಲೇ ತಲೆ ತಗ್ಗಿಸಿ ನಿಂತ. ಚಹಾ ಬಂದರೂ ಕೂರಲು ಆಗಲಿಲ್ಲ.